ಸಾಬರ ಉಳಿ, ರಾಯರ ಹಲ್ಲು

ನಾನು ಓದು ನಿಲ್ಲಿಸಿದ್ದು ೧೯೫೨ರಲ್ಲಿ. ದೇಶದ ಮೊದಲ ಮಹಾಚುನಾವಣೆಗೆ ನಮ್ಮ ಶಾಲೆಯನ್ನು ಮತಗಟ್ಟೆ ಮಾಡಿ ನಮಗೆಲ್ಲ ಎರಡು ದಿನ ರಜೆ ಕೊಟ್ಟರು. ಆ ರಜೆ ನನಗೆ ಇನ್ನೂ ಮುಗಿದಿಲ್ಲ. ಮಿಡ್ಲ್ ಸ್ಕೂಲಿನಲ್ಲಿದ್ದೆ, ಲೆಕ್ಕದಲ್ಲಿ ಗಟ್ಟಿ, ಉಳಿದದ್ದರಲ್ಲಿ ಜೊಳ್ಳು. ನಮ್ಮ ರಾಗಿ ಹೊಲದಲ್ಲಿ ಆಗಲೇ ಜಯನಗರದ ರಸ್ತೆಗಳಿಗೆ ಗೂಟ ಹೊಡೆದಾಗಿತ್ತು. ಸೋಮವಾರ ಮತ್ತೆ ಶಾಲೆಗೆ ಹೊರಟವನನ್ನು ಅಪ್ಪ ಬಾಗಿಲಲ್ಲೇ ತಡೆದು, "ಓದಿ ಏನ್ ಮಾಡ್ತೀಯ್ಲಾ? ಓದಿದೋರೇ ತಾನೆ ಬಂದು ನಮ್ ಹೊಲ ಅಳ್ಕೊಂಡು ಹೋಗಿದ್ದು?" ಅಂದ. ಪುಸ್ತಕದ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದೆ. ಮತ್ತೆ ತೆಗೆಯುವ ಆಸೆಯೂ ಇರಲಿಲ್ಲ.

ಬಸವನಗುಡಿಯ ಒಂದು ಹಿಟ್ಟಿನ ಗಿರಣಿಯಲ್ಲಿ ಎಂಟು ವರ್ಷ ಮೂಟೆ ಹೊತ್ತೆ. ಅಲ್ಲಿ ಕಲಿತದ್ದನ್ನು ಯಾವ ಮೇಷ್ಟರೂ ಕಲಿಸಲಾರ. ಅರವತ್ತರಲ್ಲಿ ಸ್ವಂತ ಗಿರಣಿ ಇಟ್ಟೆ. ಜಯನಗರ ಮುಗಿದು ತಿಲಕ್ ನಗರದ ದಾರಿ ಶುರುವಾಗುವ ಕಡೆ ನಮ್ಮ ಹೊಲದ್ದೇ ಒಂದು ಮೂಲೆ ಗೂಟಕ್ಕೆ ಸಿಗದೆ ಉಳಿದಿತ್ತು, ಅಲ್ಲೇ ಶೆಡ್ ಹಾಕಿ ಹಿಂದೆಯೇ ಮನೆ ಮಾಡಿಕೊಂಡೆ. ಇಪ್ಪತ್ತೆರಡು ವರ್ಷಕ್ಕೆ ನನ್ನನ್ನು ಜನ "ಮಿಷನ್ ಗೌಡ್ರು" ಎನ್ನತೊಡಗಿದರು. ಬಿ.ಎ. ಮಾಡಿಕೊಂಡ ನನ್ನ ದಾಯಾದಿಯೊಬ್ಬ ಆಗ ಬೇರೆಯವರ ಮೇಜು ಒರೆಸುತ್ತಿದ್ದ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇರಲಿ, ಜಂಬಕ್ಕೇ ಹೇಳುತ್ತಿದ್ದೇನೆ.

ಗಿರಣಿ ಎಂದರೆ ಎರಡು ದುಂಡು ಕಲ್ಲು. ಒಂದು ಕೂತಿರುತ್ತದೆ, ಇನ್ನೊಂದು ತಿರುಗುತ್ತದೆ. ಮೇಲಿಂದ ಕಾಳು ಸುರಿದರೆ ಪಕ್ಕದ ಬಟ್ಟೆಯ ಸೊಂಡಿಲಿನಿಂದ ಹಿಟ್ಟು ಇಳಿಯುತ್ತದೆ. ಕೊನೆಯ ಕಾಳು ಮುಗಿದ ಮೇಲೂ ಕಲ್ಲುಗಳ ನಡುವೆ ಒಂದು ಹಿಡಿ ಹಿಟ್ಟು ಉಳಿದೇ ಉಳಿಯುತ್ತದೆ. ಅದು ಮುಂದಿನವರ ಡಬ್ಬಕ್ಕೆ ಹೋಗುತ್ತದೆ. ಅವರದೊಂದು ಹಿಡಿ ಅವರ ಹಿಂದೆ ನಿಂತವರಿಗೆ. ಇದನ್ನು ಯಾರೂ ತಪ್ಪಿಸಲಾಗದು. ಅಯ್ಯಂಗಾರರ ಗೋಧಿ ಶೆಟ್ಟರ ಡಬ್ಬದಲ್ಲಿ, ಶೆಟ್ಟರದು ಸಾಬರ ಡಬ್ಬದಲ್ಲಿ, ಸಾಬರದು ಮತ್ತೆ ಅಯ್ಯಂಗಾರರಲ್ಲಿ. ಜಾತ್ಯತೀತ ಎನ್ನುವ ಪದ ನನ್ನ ಕಿವಿಗೆ ಬಿದ್ದದ್ದು ಬಹಳ ತಡವಾಗಿ. ಅಷ್ಟು ಹೊತ್ತಿಗೆ ಅದನ್ನು ಸೇರುಗಟ್ಟಲೆ ಬೀಸಿ ಕೊಟ್ಟಿದ್ದೆ.

ಆದರೂ ಸಾಲಿನಲ್ಲಿ ಏನು ಮಡಿ, ಏನು ಮೈಲಿಗೆ! ಬೆಳಗ್ಗೆ ಎಂಟಕ್ಕೆ ಮೊದಲ ಪಾಳಿ ಮಡಿಯವರದು. ಹಿಂದಿನ ದಿನ ಸಂಜೆ ಕೊನೆಗೆ ಬೀಸಿದ್ದು ಯಾರ ರಾಗಿ ಎಂದು ಅವರು ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ. ತಿಲಕ್ ನಗರದ ಸಾಬರ ಮನೆಯ ಹೆಂಗಸರು ತಮ್ಮ ಗೋಧಿಯನ್ನು ಹಂದಿ ತಿನ್ನುವವರ ಮನೆಯ ಜೋಳದ ನಂತರ ಹಾಕಬೇಡ ಎನ್ನುತ್ತಿದ್ದರು. ನನಗೆ ಎಲ್ಲರನ್ನೂ ನೋಡಿ ನಗು. ನಮ್ಮನ್ನು ನೋಡಿ ಮಾತ್ರ ನಗು ಬರುತ್ತಿರಲಿಲ್ಲ. ಗಿರಣಿಯ ಮುಂದೆ ಒಂದು ಕಲ್ಲುಚಪ್ಪಡಿಯ ಮೆಟ್ಟಿಲಿತ್ತು. ಊರಾಚೆಯ ಕೇರಿಯವರು ಅದನ್ನು ಹತ್ತುವಂತಿಲ್ಲ, ಪುಟ್ಟಿಯನ್ನು ಕೆಳಗಿಟ್ಟು ದೂರ ನಿಲ್ಲಬೇಕು. ಅದು ಅವ್ವ ಮಾಡಿದ ಕಟ್ಟಳೆ. ಬೇರೆಯವರದಾದರೆ ಹುಚ್ಚು, ನಮ್ಮದಾದರೆ ಸಂಪ್ರದಾಯ.

ಈ ಕತೆಯಲ್ಲಿ ಬರುವವರು ಇಬ್ಬರು. ಮೊದಲನೆಯವರು ತಿಲಕ್ ನಗರದ ಸಾಬರು. ಬೀಸಿ ಬೀಸಿ ಗಿರಣಿಯ ಕಲ್ಲು ನುಣ್ಣಗಾಗುತ್ತದೆ. ನುಣ್ಣಗಾದ ಕಲ್ಲು ಕಾಳನ್ನು ಬೀಸುವುದಿಲ್ಲ, ಉಜ್ಜುತ್ತದೆ. ಹಿಟ್ಟು ಕಾದು ಸೀದ ವಾಸನೆ ಹೊಡೆಯುತ್ತದೆ. ಅದಕ್ಕೆ ತಿಂಗಳಿಗೆರಡು ಸಲ ಮೇಲಿನ ಕಲ್ಲನ್ನು ಎತ್ತಿ ಮಗುಚಿ, ಉಳಿಯಿಂದ ಹೊಸ ಗೆರೆ ಹೊಡೆಯಬೇಕು. ನಾವು ಕಲ್ಲು ಕುಟ್ಟಿಸುವುದು ಎನ್ನುತ್ತಿದ್ದೆವು. ಸಾಬರು ಭಾನುವಾರ ಬಂದು, ಗೋಣಿತಾಟಿನ ಮೇಲೆ ಕೂತು, ಮಧ್ಯಾಹ್ನದವರೆಗೆ ಟಕ್ ಟಕ ಟಕ್ ಎಂದು ಕುಟ್ಟುತ್ತಿದ್ದರು. ಮುಗಿದ ಮೇಲೆ ಅವ್ವ ಮುದ್ದೆ ಬಡಿಸುತ್ತಿದ್ದಳು. ಅವರಿಗೆಂದೇ ಒಂದು ಅಲ್ಯೂಮಿನಿಯಂ ತಟ್ಟೆ ಕಿಟಕಿಯಲ್ಲಿ ಬೋರಲು ಬಿದ್ದಿರುತ್ತಿತ್ತು. ತಾವೇ ತೆಗೆದುಕೊಂಡು, ತಾವೇ ತೊಳೆದು, ಮತ್ತೆ ಬೋರಲು ಹಾಕಿ ಹೋಗುತ್ತಿದ್ದರು. ಐದು ವರ್ಷ ಹೀಗೇ. ನನಗೆ ಅದರಲ್ಲಿ ವಿಚಿತ್ರ ಏನೂ ಕಂಡಿರಲಿಲ್ಲ.

ಎರಡನೆಯವರು ಎದುರು ಮನೆಯ ರಾಯರು. ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರು, ಎಲ್ಲರೂ ತಂತಿ ರಾಯರು ಎನ್ನುತ್ತಿದ್ದರು. ಮೊದಲ ಪಾಳಿಯಲ್ಲಿ ಮೊದಲ ಡಬ್ಬ ಅವರದು. ಬಾಯಿ ತುಂಬ ಕಟ್ಟಿಸಿದ ಹಲ್ಲು, ಕಟ್ಟಿದ್ದು ದಂಡು ಪ್ರದೇಶದ ಕಡೆ ಅಂಗಡಿಯಿದ್ದ ಒಬ್ಬ ಚೀನಾದ ಹಲ್ಲಿನ ಡಾಕ್ಟರು. ಅರವತ್ತೆರಡರಲ್ಲಿ ಚೀನಾ ನಮ್ಮ ಮೇಲೆ ಬಿದ್ದಾಗ ರಾಯರು ನಮ್ಮ ಗಿರಣಿ ಮುಂದೆ ನಿಂತು ಚೀನಾದವರ ವಂಶವನ್ನೆಲ್ಲ ಬೈದರು. ಅಷ್ಟು ಸ್ಪಷ್ಟವಾಗಿ ಬೈಯಲು ಆದದ್ದು ಆ ಹಲ್ಲಿನಿಂದಲೇ. ನಾನು ಹೇಳಲು ಹೋಗಲಿಲ್ಲ. ಮೊದಲ ಡಬ್ಬದ ಗಿರಾಕಿ.

ಅರವತ್ತೈದರಲ್ಲಿ ಪಾಕಿಸ್ತಾನದ ಮೇಲೆ ಯುದ್ಧ ಶುರುವಾಯಿತು. ರಾಯರ ಮನೆ ಜಗಲಿಯಲ್ಲಿ ರೇಡಿಯೋ, ಜಗಲಿಯ ತುಂಬ ಜನ. ಗಡಿ ಇರುವುದು ಸಾವಿರಾರು ಮೈಲಿ ಆಚೆ, ಆದರೆ ನಮ್ಮ ಜಯನಗರ ನಾಲ್ಕನೇ ಬ್ಲಾಕಿನ ಆವೇಶ ನೋಡಿದರೆ ಶತ್ರು ಲಾಲ್‌ಬಾಗಿನ ಗೇಟಿಗೆ ಬಂದು ಟಿಕೆಟ್ಟು ಕೇಳುತ್ತಿದ್ದಾನೆ ಎನ್ನಬೇಕು. ಒಂದು ಸೋಮವಾರ ಬೆಳಗ್ಗೆ ರಾಯರು ಡಬ್ಬವಿಲ್ಲದೆ ಬಂದರು. ಕೈಯಲ್ಲಿ ಕಾಗದ, ಕಿವಿಯಲ್ಲಿ ಪೆನ್ಸಿಲು.

"ಏನಯ್ಯಾ, ನಿನ್ನ ಕಲ್ಲು ಕುಟ್ಟೋನು ಯಾವ ಊರೋನು?"

"ತಿಲಕ್ ನಗರ, ಸ್ವಾಮಿ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ಅವರಮ್ಮನ ಹೊಟ್ಟೇಲಿದ್ರು."

"ತಮಾಷೆ ಮಾಡಬೇಡ. ಮೂವತ್ತು ವರ್ಷ ತಂತಿ ಕೇಳಿದ ಕಿವಿ ಇದು. ನಿನ್ನೆ ಮೂರು ಗಂಟೆ ಹೊತ್ತು ಜಗಲೀಲಿ ಕೂತು ಬರಕೊಂಡಿದೀನಿ. ಟಕ್ ಟಕ ಟಕ್. ಇದು ಕಲ್ಲು ಕುಟ್ಟೋ ಸದ್ದಲ್ಲ. ಸಂದೇಶ."

ಕಾಗದ ನೋಡಿದೆ. ಸಾಲು ಸಾಲು ಇಂಗ್ಲಿಷ್ ಅಕ್ಷರ.

"ಏನು ಸ್ವಾಮಿ ಬರೆದಿರೋದು?"

"ಏನೂ ಅರ್ಥ ಆಗಲ್ಲ."

"ಮತ್ತೆ?"

"ಅದೇ ನನ್ನ ಅನುಮಾನ! ನಮಗೆ ಅರ್ಥ ಆಗೋ ಹಾಗೆ ಕಳಿಸ್ತಾರೇನಯ್ಯ ಗೂಢಚಾರರು?"

"ತಂತಿ ಬೇಡವೇ ರಾಯರೇ, ಕಳಿಸೋಕೆ?"

"ಕಲ್ಲಲ್ಲಿ ಶಬ್ದ ಬಹಳ ದೂರ ಹೋಗುತ್ತೆ," ಎಂದರು ಗಂಭೀರವಾಗಿ. ನಮ್ಮ ಕಲ್ಲಿನ ಮೇಲೆ ಅವರಿಗೆ ನನಗಿಂತ ನಂಬಿಕೆಯಿತ್ತು.

ನಾನು ನಕ್ಕೆ. ನಗಬಾರದಿತ್ತು. ಎರಡು ದಿನ ಬಿಟ್ಟು ಆರು ಜನ ಯಜಮಾನರನ್ನು ಕರೆದುಕೊಂಡು ಬಂದರು. ಆರರಲ್ಲಿ ಒಬ್ಬರಿಗೂ ತಂತಿಯ ಭಾಷೆ ಬಾರದು, ಆದ್ದರಿಂದ ಆರೂ ಜನ ಒಪ್ಪಿದ್ದರು. ಆ ಮನುಷ್ಯ ಇನ್ನು ಕಲ್ಲು ಮುಟ್ಟಿದರೆ ನಾಲ್ಕನೇ ಬ್ಲಾಕಿನ ಒಂದು ಡಬ್ಬವೂ ನಿನ್ನ ಗಿರಣಿಗೆ ಬರುವುದಿಲ್ಲ ಎಂದರು. ನನ್ನ ಗಿರಣಿ ನಡೆಯುತ್ತಿದ್ದದ್ದೇ ನಾಲ್ಕನೇ ಬ್ಲಾಕಿನಿಂದ. ಹೆಂಡತಿ ಚೊಚ್ಚಲ ಬಸುರಿ. ಮೋಟಾರು ನಿಂತರೆ ಮತ್ತೆ ಬಸವನಗುಡಿಗೆ ಹೋಗಿ ಮೂಟೆ ಹೊರಬೇಕು, ದಾಯಾದಿಯ ಮುಂದೆ. ಈ ಕಾರಣಗಳನ್ನೆಲ್ಲ ಈಗ ಬರೆಯುತ್ತಿದ್ದೇನೆ. ಆಗ ನನಗೆ ಒಂದೇ ಹೊಳೆದದ್ದು, ಹೆದರಿಕೆ. "ಆಗಲಿ ಸ್ವಾಮಿ," ಅಂದೆ.

ಮುಂದಿನ ಸರದಿಯ ಭಾನುವಾರ ಸಾಬರು ಉಳಿಯ ಚೀಲ ಹಿಡಿದು ಬಂದಾಗ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದೆ.

"ಸಾಬ್ರೇ, ಸ್ವಲ್ಪ ದಿನ ಬರಬೇಡಿ. ಜನ ಏನೇನೋ ಅಂತಾರೆ. ಈ ಗಲಾಟೆ ಮುಗೀಲಿ."

ಅವರು ಗಡ್ಡ ಕೆರೆದುಕೊಂಡರು. "ಆಯ್ತು ಗೌಡ. ಕಲ್ಲಿಗೆ ಹೇಳಿದೀಯಾ?"

"ಏನಂತ?"

"ಯುದ್ಧ ಮುಗಿಯೋ ತನಕ ಸವೀಬೇಡ ಅಂತ."

ಅಷ್ಟು ಹೇಳಿ ಹೊರಟುಹೋದರು. ಕಿಟಕಿಯ ತಟ್ಟೆ ಹಾಗೇ ಬೋರಲಾಗಿತ್ತು.

ಕಲ್ಲು ನನ್ನ ಮಾತು ಕೇಳಲಿಲ್ಲ. ಅದೇ ಹೊತ್ತಿಗೆ ರೇಷನ್ನಿನಲ್ಲಿ ಅಮೆರಿಕದ ಗೋಧಿ ಬರುತ್ತಿತ್ತು, ಕೆಂಪಗೆ, ಗಟ್ಟಿಯಾಗಿ. ಅದನ್ನು ಬೆಳೆದವನು ಯಾರು, ಅವನ ಕುಲವೇನು, ಬೆಳಗ್ಗೆ ತಿಂಡಿಗೆ ಏನು ತಿಂದು ಹೊಲಕ್ಕೆ ಇಳಿದ ಎಂದು ಮಡಿಯವರು ಒಬ್ಬರೂ ಕೇಳಲಿಲ್ಲ. ಹಡಗು ಹತ್ತಿ ಬಂದ ಮೈಲಿಗೆ ಸಮುದ್ರದಲ್ಲೇ ತೊಳೆದುಹೋಗುತ್ತದೆ ಎಂದು ಕಾಣುತ್ತದೆ, ತಿಲಕ್ ನಗರದಿಂದ ನಡೆದು ಬಂದರೆ ಮಾತ್ರ ಹೋಗುವುದಿಲ್ಲ. ಪ್ರಧಾನಿಗಳು ಸೋಮವಾರ ರಾತ್ರಿ ಊಟ ಬಿಡಿ ಎಂದು ದೇಶಕ್ಕೆ ಕೇಳಿಕೊಂಡರು. ನಾಲ್ಕನೇ ಬ್ಲಾಕು ಒಟ್ಟಿಗೆ ಬಿಟ್ಟಿತು. ಸೋಮವಾರ ಸಂಜೆ ನನ್ನ ಗಿರಣಿಯಲ್ಲಿ ಉಪ್ಪಿಟ್ಟಿನ ರವೆ ಒಡೆಸಲು ಬಂದವರ ಸಾಲು ತಿರುವಿನವರೆಗೆ ಇರುತ್ತಿತ್ತು. ಉಪ್ಪಿಟ್ಟು ಊಟವಲ್ಲ, ಫಲಾಹಾರ.

ಇಪ್ಪತ್ತು ದಿನಕ್ಕೆ ಹಿಟ್ಟು ಸೀಯತೊಡಗಿತು. ಅಷ್ಟರಲ್ಲಿ ಗಡಿಯಲ್ಲಿ ಯುದ್ಧ ನಿಂತಿತ್ತು, ಎದುರು ಜಗಲಿಯಲ್ಲಿ ನಿಂತಿರಲಿಲ್ಲ. ಸಾಬರನ್ನು ಕರೆಸುವ ಧೈರ್ಯವಿಲ್ಲ. ಆದರೆ ನಾನು ಕೈಕೆಲಸದವನು, ಯಾರಿಗೇನು ಕಮ್ಮಿ ಎಂಬ ಸೊಕ್ಕು ಮಾತ್ರ ಇತ್ತು. ಕಲ್ಲುಕುಟಿಗರ ಹತ್ತಿರ ಒಂದು ಉಳಿ ಕೇಳಿ ತಂದು ಭಾನುವಾರ ನಾನೇ ಕೂತೆ. ಸಾಬರು ಎರಡು ಕೂದಲಿನಷ್ಟು ಆಳದ ಗೆರೆ ಹೊಡೆಯುತ್ತಿದ್ದರು. ನಾನು ಗಟ್ಟಿಮುಟ್ಟಾಗಿರಲಿ ಎಂದು ಬೆರಳು ಹೂತುಹೋಗುವಷ್ಟು ಹೊಡೆದೆ. ಅವರು ಕುಟ್ಟಿದ ಮೇಲೆ ಕಲ್ಲಿನ ಪುಡಿ ಹೋಗಲಿ ಎಂದು ಬೂಸವನ್ನು ಎರಡು ಸಲ ಬೀಸಿ ಚೆಲ್ಲುತ್ತಿದ್ದರು. ಅದೆಲ್ಲ ದಂಡ ಎಂದು ನಾನು ಒಂದು ಸಲ ಬೀಸಿದೆ. ಕಲ್ಲು ನೋಡಲು ಹೊಸ ಮದುವಣಗಿತ್ತಿಯ ಹಾಗಿತ್ತು.

ಸೋಮವಾರ ಎಂಟಕ್ಕೆ ಮೊದಲ ಡಬ್ಬ ರಾಯರದು. ಒಂಬತ್ತೂವರೆಗೆ ಎದುರು ಮನೆಯಿಂದ ಒಂದು ಕೂಗು ಬಂತು. ರಾಯರು ಚಪಾತಿ ಕಚ್ಚಿದ್ದರು, ಹಿಟ್ಟಿನಲ್ಲಿದ್ದ ಕಲ್ಲಿನ ಹರಳು ಹಲ್ಲಿನ ಸೆಟ್ಟನ್ನು ಎರಡು ಹೋಳು ಮಾಡಿತ್ತು. ಆ ಯುದ್ಧದಲ್ಲಿ ನಾಲ್ಕನೇ ಬ್ಲಾಕಿನ ಗಾಯಾಳು ಅವರೊಬ್ಬರೇ. ಅದೂ ನನ್ನ ಕೈಯಿಂದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮನೆಗಳಿಂದ ಡಬ್ಬ ವಾಪಸು ಬಂದವು, ಎಲ್ಲವೂ ಕರಕರ. ಒಬ್ಬ ಮಹಾತಾಯಿ ಉಂಡೆ ಮಾಡಿದ ಹಿಟ್ಟನ್ನೇ ನನ್ನ ಮೇಜಿನ ಮೇಲೆ ಕುಕ್ಕಿ, "ಇದರಲ್ಲಿ ಗೋಡೆ ಕಟ್ಟಿಸ್ಕೊಳ್ಳಪ್ಪ," ಅಂದರು.

ಮರುದಿನದಿಂದ ನಾಲ್ಕನೇ ಬ್ಲಾಕು ಡಬ್ಬ ಹೊತ್ತು ಬಸವನಗುಡಿಗೆ ನಡೆಯತೊಡಗಿತು, ನಾನು ಮೊದಲು ಕೆಲಸ ಮಾಡಿದ ಗಿರಣಿಗೆ. ಆ ಗಿರಣಿಯ ಕಲ್ಲು ಕುಟ್ಟುತ್ತಿದ್ದವರು ಯಾರು? ಇದೇ ಸಾಬರು. ನನಗೆ ಅವರ ಪರಿಚಯವಾದದ್ದೇ ಅಲ್ಲಿ. ಈ ಕಡೆಯ ಅಷ್ಟೂ ಗಿರಣಿಗಳಿಗೆ ಅವರದೊಂದೇ ಉಳಿ. ಅವರನ್ನು ತಪ್ಪಿಸಿಕೊಳ್ಳಲು ಜನ ಎರಡು ಮೈಲಿ ನಡೆದು ಅವರ ಹತ್ತಿರಕ್ಕೇ ಹೋಗುತ್ತಿದ್ದರು. ಸಾಲಿನಲ್ಲಿ ನಿಂತು ಕೂಗಿ ಹೇಳಿಬಿಡಲೇ ಎನ್ನಿಸಿತು. ಹೇಳಿದ್ದರೆ ಅಲ್ಲಿಯೂ ಅವರ ಕೆಲಸ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ನಿಂತ ಮೋಟಾರಿನ ಮುಂದೆ ಕೂತಿದ್ದವನನ್ನು ಅವ್ವ ನೋಡಿದಳು. "ಹೋಗ್ಲಾ, ಕರ್ಕಂಡ್ ಬಾ ಅವುನ್ನ. ನಿನ್ ಸೊಕ್ಕಿಗೆ ಊರೋರ ಹಲ್ಲು ಯಾಕ್ಲಾ ಮುರೀಬೇಕು?"

ತಿಲಕ್ ನಗರದಲ್ಲಿ ಸಾಬರ ಮನೆ ನಮ್ಮ ಶೆಡ್ಡಿನಿಂದ ಹತ್ತು ನಿಮಿಷದ ದಾರಿ. ಐದು ವರ್ಷದಲ್ಲಿ ಒಂದು ದಿನವೂ ಹೋದವನಲ್ಲ. ಅವರ ಹೆಂಡತಿ ಒಂದು ಲೋಟ ಚಹಾ ಕೊಟ್ಟರು. ಲೋಟ ತಿರುಗಿಸಿ ನೋಡಿದೆ, ಇದನ್ನು ಬೇರೆ ಇಟ್ಟಿರುತ್ತಾರಾ ಎಂದು. ಗೂಡಿನಲ್ಲಿ ಅಂಥವೇ ಐದಾರು ಇದ್ದವು. ಅವತ್ತು ಕಿಟಕಿಯ ತಟ್ಟೆ ನೆನಪಾಗಿ ಕಿವಿ ಬಿಸಿಯಾಯಿತು. ನಡೆದದ್ದೆಲ್ಲ ಹೇಳಿದೆ, ತಂತಿಯ ಕತೆಯನ್ನೂ. ಹಲ್ಲಿನ ವಿಷಯಕ್ಕೆ ಬಂದಾಗ ಸಾಬರು ತೊಡೆ ತಟ್ಟಿಕೊಂಡು ನಕ್ಕರು.

"ಅರೇ, ಪಾಕಿಸ್ತಾನಕ್ಕೆ ಸುದ್ದಿ ಕಳಿಸ್ತೀನಂತಾ ನಾನು? ಬೊಮ್ಮನಹಳ್ಳೀಲಿರೋ ಮಗಳಿಗೆ ಒಂದು ಕಾಗದ ಹಾಕ್ಸೋಕೇ ಪಕ್ಕದ ಮನೆ ಹುಡುಗನ ಕೈಕಾಲು ಹಿಡೀಬೇಕು!"

"ತಪ್ಪಾಯ್ತು ಸಾಬ್ರೇ. ಬನ್ನಿ. ಭಾನುವಾರ ಹಿತ್ತಲ ಬಾಗಿಲು ತೆಗೆದಿರ್ತೀನಿ."

ನಗು ನಿಂತಿತು. "ಹಿತ್ತಲ ಬಾಗಿಲಿಗೆ ಬರಲ್ಲ ಗೌಡ. ಭಾನುವಾರಾನೂ ಬರಲ್ಲ. ವಾರದ ದಿನ ಬರ್ತೀನಿ, ಹತ್ತು ಗಂಟೆಗೆ, ಜನ ಇದ್ದಾಗ. ಹಿತ್ತಲಲ್ಲಿ ನನಗೆ ಹೇಳಿದ್ದನ್ನ ನೀನು ಅವರ ಮುಂದೆ ಹೇಳು. ಅವರು ಹೂಂ ಅಂದ್ರೆ ಕುಟ್ತೀನಿ. ಇಲ್ಲಾಂದ್ರೆ ಟೀ ಕುಡಿದು ಮನೆಗೆ ಹೋಗು."

ಎರಡು ರಾತ್ರಿ ನಿದ್ದೆಯಿಲ್ಲ. ಗಿರಣಿ ಹೋದರೆ ಇನ್ನೊಂದು ಕಟ್ಟಬಹುದು. ಹದಿಮೂರು ವರ್ಷದಿಂದ ಯಾರ ಮುಂದೆಯೂ ತಲೆ ತಗ್ಗಿಸಿರಲಿಲ್ಲ, ಅದು ಹೋದರೆ ನನ್ನ ಹತ್ತಿರ ಇನ್ನೇನಿತ್ತು? ಆಮೇಲೆ ಹೊಳೆಯಿತು: ಆರು ಜನ ಯಜಮಾನರ ಮುಂದೆ "ಆಗಲಿ ಸ್ವಾಮಿ" ಎಂದಾಗಲೇ ಅದು ತಗ್ಗಿತ್ತು. ಇನ್ನೊಮ್ಮೆ ತಗ್ಗಿಸಿದರೆ ಲೆಕ್ಕ ಸರಿಹೋಗುತ್ತದೆ.

ಬುಧವಾರ ಬೂಸ ಪುಕ್ಕಟೆ ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ದೇಶಪ್ರೇಮಕ್ಕಿಂತ ಎಮ್ಮೆ ದೊಡ್ಡದು, ಹತ್ತು ಗಂಟೆಗೆ ಶೆಡ್ಡಿನ ಮುಂದೆ ಮೂವತ್ತು ಜನ. ರಾಯರೂ ಬಂದಿದ್ದರು, ಬೂಸಕ್ಕಲ್ಲ, ಬೈಯುವುದಕ್ಕೆ. ಆದರೆ ಹಲ್ಲಿಲ್ಲದೆ ಬೈಗುಳವೆಲ್ಲ ಆಶೀರ್ವಾದದ ಹಾಗೆ ಕೇಳಿಸುತ್ತಿತ್ತು. ಸಾಬರು ಉಳಿಯ ಚೀಲ ಹಿಡಿದು ಮುಂಬಾಗಿಲಿನಿಂದಲೇ ಬಂದು ನಿಂತರು.

ನಾನು ಮೆಟ್ಟಿಲ ಮೇಲೆ ನಿಂತು ಹೇಳಿದೆ. "ಈ ಸಾಬ್ರು ಐದು ವರ್ಷ ಕುಟ್ಟಿದ ಕಲ್ಲಲ್ಲಿ ನೀವೆಲ್ಲ ತಿಂದಿದೀರಿ. ಒಬ್ಬರಿಗೂ ಒಂದು ಹರಳು ಸಿಕ್ಕಿಲ್ಲ. ನೀವು ಹೇಳಿದಿರಿ ಅಂತ ನಾನು ಹಿತ್ತಲಲ್ಲಿ ಕದ್ದು ಇವರನ್ನ ಬರಬೇಡಿ ಅಂದೆ. ನಾನು ಕುಟ್ಟಿದೆ, ರಾಯರ ಹಲ್ಲು ಹೋಯ್ತು. ಇವತ್ತು ಇವರೇ ಕುಟ್ತಾರೆ. ಬೇಕಾದವರು ಡಬ್ಬ ತನ್ನಿ. ಬೇಡದೋರು ಬಸವನಗುಡಿಗೆ ನಡೀರಿ."

ಯಾರೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಸಾಬರು ಒಂದು ಗಳಿಗೆ ಎಲ್ಲರ ಮುಖ ನೋಡಿದರು, ಊಹೂಂ ಇಲ್ಲದ್ದನ್ನೇ ಹೂಂ ಎಂದುಕೊಂಡು ಗೋಣಿತಾಟು ಹಾಸಿದರು. ನಾನು ಕೆತ್ತಿದ್ದ ಕಲ್ಲು ನೋಡಿ, "ಯಾ ಅಲ್ಲಾ, ಬಾವಿ ತೋಡಿದೀಯಲ್ಲೋ!" ಎಂದರು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟಕ್ ಟಕ ಟಕ್ ಶುರುವಾಯಿತು. ರಾಯರ ಬೆರಳು ತಮ್ಮಷ್ಟಕ್ಕೇ ಕಿವಿಯ ಪೆನ್ಸಿಲಿಗೆ ಹೋದದ್ದನ್ನು ಎಲ್ಲರೂ ನೋಡಿದರು.

"ಏನಂತೆ ರಾಯರೇ ಇವತ್ತಿನ ಸುದ್ದಿ?" ಎಂದಿತು ಹಿಂದಿನಿಂದ ಒಂದು ದನಿ.

ರಾಯರು ಬಾಯಿ ತೆರೆಯುವ ಮುಂಚೆ ಅವ್ವ ಒಳಗಿನಿಂದ ಕೂಗಿದಳು, "ಮೆತ್ತುಗ್ ಅಗೀರಿ ಅಂತಾವ್ನೆ!"

ನಾಲ್ಕನೇ ಬ್ಲಾಕು ನಕ್ಕಿತು. ರಾಯರು ನಗಲಿಲ್ಲ, ಮನೆಗೆ ಹೋದರು. ಮಧ್ಯಾಹ್ನ ಸಾಬರು ಎರಡು ಸಲ ಬೂಸ ಬೀಸಿ ಚೆಲ್ಲಿ, ಮೂರನೆಯದಕ್ಕೆ ಸೊಂಡಿಲಿನಿಂದ ಒಂದು ಚಿಟಿಕೆ ಹಿಟ್ಟು ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಹರಳಿದೆಯೇ ಎಂದು ಅವರು ನೋಡುತ್ತಿದ್ದದ್ದು ಯಾವಾಗಲೂ ಹೀಗೇ. ಜನ ಕಣ್ಣಾರೆ ಕಂಡದ್ದು ಅವತ್ತೇ. ಮೊದಲು ಡಬ್ಬ ಮುಂದಿಟ್ಟದ್ದು ಹಿಟ್ಟಿನ ಉಂಡೆ ಕುಕ್ಕಿದ ಆ ಮಹಾತಾಯಿ. ಆಮೇಲೆ ಇನ್ನಿಬ್ಬರು. ಉಳಿದವರು ಬೂಸ ತೆಗೆದುಕೊಂಡು ಹೋದರು.

ರಾಯರ ಡಬ್ಬ ವಾಪಸು ಬರಲು ಎರಡು ತಿಂಗಳಾಯಿತು. ಅವರ ಮನಸ್ಸು ಬದಲಾಯಿತು ಎಂದು ನಾನು ಬರೆಯುವುದಿಲ್ಲ. ಬಸವನಗುಡಿ ಏರು, ಅವರಿಗೆ ಮಂಡಿನೋವು. ನನಗೆ ತಿಳಿದಂತೆ ಈ ಊರಿನಲ್ಲಿ ಧರ್ಮಬುದ್ಧಿಗಿಂತ ಮಂಡಿನೋವು ಹೆಚ್ಚು ಜನರನ್ನು ಒಟ್ಟಿಗೆ ಸೇರಿಸಿದೆ. ಹೊಸ ಹಲ್ಲು ಕಟ್ಟಿಸಿಕೊಂಡರು, ಅದೇ ಚೀನಾದವನ ಹತ್ತಿರ.

ಆ ಬುಧವಾರವೂ ಸಾಬರು ಮುದ್ದೆಗೆ ಕೂತಾಗ ಅವ್ವ ಕಿಟಕಿಯ ಕಡೆ ಕೈ ತೋರಿಸಿದಳು. ನಾನು ಒಳಗೆ ಹೋಗಿ ನನ್ನ ಕಂಚಿನ ತಟ್ಟೆ ತಂದು ಅವರ ಮುಂದಿಟ್ಟು, ಅಲ್ಯೂಮಿನಿಯಂ ತಟ್ಟೆಯಲ್ಲಿ ನಾನು ಉಂಡೆ. ಅವ್ವ ಮೂರು ದಿನ ಮಾತು ಬಿಟ್ಟಳು. ನಾನು ದೊಡ್ಡ ಕೆಲಸ ಮಾಡಿದೆನೆಂದು ಬೀಗುತ್ತಿದ್ದೆ. ಸಾಬರು ಕೈ ತೊಳೆದು ಹೊರಡುವಾಗ, ಕೆಳಗೆ ಪುಟ್ಟಿ ಇಟ್ಟು ನಿಂತಿದ್ದ ಕೇರಿಯ ಹೆಂಗಸನ್ನೂ ಮೆಟ್ಟಿಲನ್ನೂ ನೋಡಿ, "ಗೌಡ, ಇದಕ್ಕೂ ಉಳಿ ಹಾಕ್ಲಾ?" ಅಂದರು.

"ಅವ್ವ ಇರೋ ತನಕ ಆಗಲ್ಲ ಸಾಬ್ರೇ."

"ಹಾಂ. ನಿನ್ನ ರಾಯರೂ ಅದನ್ನೇ ಹೇಳ್ತಾರೆ. ಅವರಿಗೂ ಒಬ್ಬರು ಅವ್ವ ಇರ್ತಾರೆ."

ಮೆಟ್ಟಿಲು ತೆಗೆಸಿದ್ದು ಅರವತ್ತೊಂಬತ್ತರಲ್ಲಿ. ಅವ್ವ ಇನ್ನೂ ಇದ್ದಳು, ಏನೂ ಅನ್ನಲಿಲ್ಲ. ನಾಲ್ಕು ವರ್ಷ ನಾನು ಅವಳ ಸೆರಗಿನ ಹಿಂದೆ ಅಡಗಿದ್ದೆ, ಅಷ್ಟೇ. ಚಪ್ಪಡಿ ಒಡೆದವರು ಸಾಬರು. ಅದು ಅವರು ನಮ್ಮಲ್ಲಿ ಮಾಡಿದ ಕೊನೆಯ ಕೆಲಸ. ಆಮೇಲೆ ಕಣ್ಣು ಮಂಜಾಯಿತು, ಉಳಿಯ ಚೀಲ ನನಗೇ ಕೊಟ್ಟರು. ಎರಡು ಕೂದಲಿನಷ್ಟು ಆಳ ಹೊಡೆಯುವುದನ್ನು ಅಷ್ಟರಲ್ಲಿ ಕಲಿಸಿದ್ದರು.

ಈಗ ಮೊಮ್ಮಗನ ಮೊಬೈಲು ಇಡೀ ದಿನ ಟಕ್ ಟಕ್ ಎನ್ನುತ್ತದೆ. ಯಾರು ದೇಶದ್ರೋಹಿ, ಯಾರ ಅಂಗಡಿಗೆ ಹೋಗಬಾರದು ಎಂದು ಬಂದಿರುತ್ತದೆ. ತಂತಿ ರಾಯರು ಮೂರು ಗಂಟೆ ಪೆನ್ಸಿಲು ಹಿಡಿದು ಪಟ್ಟ ಕಷ್ಟ ಇವರಿಗಿಲ್ಲ. ನಾನು ಅವನಿಗೆ ಬುದ್ಧಿ ಹೇಳುವುದಿಲ್ಲ. ಓದಿದವನು. ಬೀಸಿದ ಹಿಟ್ಟು ತಂದು ಕೊಡುತ್ತೇನೆ, ತಿನ್ನುತ್ತಾನೆ. ಅದರಲ್ಲಿ ಹಿಂದಿನವರದೊಂದು ಹಿಡಿ ಇರುತ್ತದೆ.

ಈಗ ನನ್ನ ಹತ್ತಿರ ಇರುವುದು: ಗಿರಣಿ ಒಂದು, ಕಲ್ಲು ಎರಡು ಜೊತೆ, ಮಗ ಒಬ್ಬ, ಹೆಣ್ಣುಮಕ್ಕಳು ಇಬ್ಬರು, ಮೊಮ್ಮಗ ಒಬ್ಬ, ಕಂಚಿನ ತಟ್ಟೆ ಒಂದು, ಅಲ್ಯೂಮಿನಿಯಂ ತಟ್ಟೆ ಒಂದು, ಸಾಬರ ಉಳಿ ಮೂರು, ಸುತ್ತಿಗೆ ಒಂದು, ಸ್ವಂತ ಹಲ್ಲು ಹನ್ನೊಂದು. ಮೆಟ್ಟಿಲು ಇಲ್ಲ.